ಅತ್ತೆಯ ಪ್ಯಾಚ್, ನನ್ನ ನಿದ್ದೆ

ಅತ್ತೆ ಅಂದು ಲಿಂಗಪೂಜೆ ಮಾಡದೆ ಮಲಗಿಬಿಟ್ಟರು. ನಮ್ಮ ಮನೆಯಲ್ಲಿ ಅದಕ್ಕಿಂತ ದೊಡ್ಡ ರೋಗಲಕ್ಷಣ ಇಲ್ಲ.

ಶನಿವಾರಸಂತೆಯಿಂದ ಕುಶಾಲನಗರದ ಆಸ್ಪತ್ರೆಗೆ ಬರುವಷ್ಟರಲ್ಲಿ ಮೈ ಕೆಂಡವಾಗಿತ್ತು. ನ್ಯುಮೋನಿಯಾ ಎಂದರು. ನನ್ನವರು ದನಕರು, ಶುಂಠಿ ಎಂದು ಊರಲ್ಲೇ ಉಳಿದರು. ಅತ್ತೆಯ ಜೊತೆ ನಾನೊಬ್ಬಳೇ. ಅವರ ಎದೆಗೊಂದು ಪ್ಯಾಚ್ ಅಂಟಿಸಿದರು. ವೈರ್ ಇಲ್ಲ, ಸದ್ದಿಲ್ಲ. ಉಸಿರು, ನಾಡಿ ಎಲ್ಲ ನರ್ಸ್ ಟೇಬಲ್ಲಿನ ಸ್ಕ್ರೀನ್‌ಗೆ ಹೋಗುತ್ತಿತ್ತು. ಏರುಪೇರಾದರೆ ಮೊದಲೇ ತಿಳಿಯುತ್ತದಂತೆ. ಸದ್ಯ, ಕಾಯುವ ಕೆಲಸಕ್ಕೆ ನನಗೊಂದು ಜೊತೆ ಸಿಕ್ಕಿತು ಅಂದುಕೊಂಡೆ.

ಪೂಜೆಯಾಗದೆ ಅತ್ತೆ ಗಂಜಿ ಮುಟ್ಟುವವರಲ್ಲ. ಪೂಜೆಗೆ ಮೊದಲು ಮೈ ಒರೆಸಿಕೊಳ್ಳಲು ಪ್ಯಾಚ್ ಕಿತ್ತರು. ನರ್ಸ್ ಓಡಿ ಬಂದು ಬೈದಳು. ಮರುದಿನ ಅತ್ತೆ ಅದನ್ನು ಕಿತ್ತು ನನ್ನ ಕೈಗಿಟ್ಟರು.

"ಪೂಜೆ ಮುಗಿಯಗಂಟ ನೀನೇ ಅಂಟಿಸ್ಕ. ಆ ಹುಡುಗಿ ಬಂದು ಪೂಜೆ ಮಧ್ಯ ಎಬ್ಬಸದು ಬ್ಯಾಡ."

ವಾದ ಮಾಡುವ ತ್ರಾಣ ನನಗಿರಲಿಲ್ಲ. ಬೆಂಚಿನ ಮೇಲೆ ಮಲಗಿ ಸೊಂಟ ಬಿದ್ದುಹೋಗಿತ್ತು. ಅವರು ಎರಡು ತುತ್ತು ಉಂಡರೆ ಸಾಕಾಗಿತ್ತು. ರವಿಕೆಯೊಳಗೆ ಅಂಟಿಸಿಕೊಂಡು ಗೋಡೆಗೆ ಒರಗಿದೆ.

ನಿದ್ದೆ ಹತ್ತಿಬಿಟ್ಟಿತು.

ನರ್ಸ್ ಭುಜ ಅಲುಗಿಸಿದಾಗಲೇ ಎಚ್ಚರ. "ಅಕ್ಕ, ಅಜ್ಜಿದು ಇದ್ದಕ್ಕಿದ್ದಂಗೆ ಎಲ್ಲಾ ನಾರ್ಮಲ್ ತೋರಿಸ್ತಿದೆ. ಹೆಂಗೆ?" ಎನ್ನುತ್ತಾ ಅತ್ತೆಯ ಪ್ಯಾಚಿಲ್ಲದ ಎದೆ ನೋಡಿದಳು. ಆಮೇಲೆ ನನ್ನ ಮುಖ.

"ನನ್ನ ಹತ್ರ ಇದೆ ಸಿಸ್ಟರ್."

ಅತ್ತೆ ಅಂಗೈಯಲ್ಲಿ ಲಿಂಗ ಹಿಡಿದು ಕೂತೇ ಇದ್ದರು. ತುಟಿ ನೀಲಿಗಟ್ಟಿತ್ತು.

ಡಾಕ್ಟರ್ ಬಂದು, "ಆಕ್ಸಿಜನ್ ಇಳಿದಿದೆ, ಐಸಿಯುಗೆ ಶಿಫ್ಟ್ ಮಾಡಿ," ಎಂದರು. ಲಿಂಗವನ್ನು ಅವರ ಕೊರಳಿಗೆ ಕಟ್ಟಿ, ಇದನ್ನು ಮಾತ್ರ ತೆಗೆಯಬೇಡಿ ಎಂದು ಕೈಮುಗಿದೆ. ನರ್ಸ್ ಅದನ್ನು ಭುಜದ ಕಡೆ ಸರಿಸಿ ಹೊಸ ಪ್ಯಾಚ್ ಅಂಟಿಸಿದಳು. ಯಾರೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಮನಸ್ಸು ಸ್ವಲ್ಪ ಹಗುರವಾಗುತ್ತಿತ್ತು. ಅತ್ತೆ ಹೋಗಿಬಿಟ್ಟರೆ ಎಂಬ ಭಯದಲ್ಲಿ ಆ ಬಾಗಿಲ ಮುಂದೆ ಕೂತು, ಇಷ್ಟು ದಿನ ಅಳದಿದ್ದವಳು ಬಾಯಿಬಿಟ್ಟು ಅತ್ತುಬಿಟ್ಟೆ.

ಅವರು ಉಳಿದುಕೊಂಡರು. ವಾರ್ಡಿಗೆ ಮರಳಿದ ಮೇಲೆ ಕೇಳಿದೆ: "ಉಸಿರು ಕಟ್ತಿತ್ತಲ್ಲ ಅತ್ತೆ, ಯಾಕೆ ನನ್ನ ಎಬ್ಬಿಸ್ಲಿಲ್ಲ?"

"ನೀ ದಣಿದಿದ್ದೆ ಕಣೆ. ನಿದ್ದೆ ಮಾಡ್ಲಿ ಅಂತ ಬಿಟ್ಟೆ."

ಅವರ ಎದೆಯ ಪ್ಯಾಚ್ ಸರಿಯಾಗಿ ಅಂಟಿದೆಯೇ ಎಂದು ಮುಟ್ಟಿ ನೋಡಿದೆ.

ಈಗ ಮನೆಯಲ್ಲಿದ್ದೇವೆ. ಹೊಸಿಲು ದಾಟಿದರೂ ಅವರಿಗೆ ಏದುಸಿರು. ನನ್ನ ಸುಸ್ತೂ ಹೋಗಿಲ್ಲ. ಇಲ್ಲಿ ಪ್ಯಾಚ್ ಇಲ್ಲ, ಸ್ಕ್ರೀನ್ ನೋಡುವ ಹುಡುಗಿಯೂ ಇಲ್ಲ. ಅತ್ತೆ ಪೂಜೆಗೆ ಕೂತಾಗ ಪಕ್ಕದಲ್ಲಿ ಕೂತು ಅವರ ಉಸಿರನ್ನೇ ನೋಡುತ್ತೇನೆ. ಒಮ್ಮೊಮ್ಮೆ ಕಣ್ಣು ಎಳೆಯುತ್ತದೆ.

ಆಗ ಅತ್ತೆ ನನ್ನ ಮೊಣಕಾಲು ತಟ್ಟಿ ಎಬ್ಬಿಸುತ್ತಾರೆ.