ಬಾಲಂಗೋಚಿ ಓರೆಸ್ಟ್

ಹ್ಯೂಸ್ಟನ್ನಿನಲ್ಲಿರುವ ನಮ್ಮ ಕೆನಡಾದವರಲ್ಲಿ ಎರಡು ಜಾತಿ. ಕೆಲಸಕ್ಕೆಂದು ಬಂದವರದು ಒಂದು. ಅವರನ್ನು ಮದುವೆಯಾದ ತಪ್ಪಿಗೆ ಬಂದವರದು ಇನ್ನೊಂದು. ನಾನು ಎರಡನೆಯ ಜಾತಿಯವನು. ನನ್ನ ಹೆಂಡತಿ ತೈಲ ಕಂಪನಿಯೊಂದರ ಲೆಕ್ಕಪತ್ರ ನೋಡುತ್ತಾಳೆ. ನಾನು ಅವಳ ವೀಸಾಕ್ಕೆ ಕಟ್ಟಿದ ಬಾಲಂಗೋಚಿ. ಬಾಲಂಗೋಚಿಯಾದವನು ಇಲ್ಲಿ ಉಣ್ಣಬಹುದು, ಓದಬಹುದು, ಹುಲ್ಲು ಕತ್ತರಿಸಬಹುದು, ಅದೂ ತನ್ನ ಮನೆಯ ಮುಂದಿನದನ್ನು ಮಾತ್ರ. ದುಡಿಯುವಂತಿಲ್ಲ. ಕ್ಯಾಲ್ಗರಿಯಲ್ಲಿದ್ದಾಗ ನಾನು ಪತ್ರಿಕೆಗೆ ನಗೆಬರಹ ಬರೆಯುತ್ತಿದ್ದೆ. ಬರೆದು ಸಂಪಾದಿಸುವಂತಿಲ್ಲ ಎಂದು ಕಾನೂನು ಹೇಳಿದಾಗ ನನಗೆ ಹೊಸದೇನೂ ಅನಿಸಲಿಲ್ಲ. ಓದುಗರು ಅದನ್ನು ಬಹಳ ಮೊದಲೇ ಹೇಳಿದ್ದರು.

ಓರೆಸ್ಟ್ ಮೆಲ್ನಿಕ್‌ನ ಸಂಗತಿ ಹಾಗಲ್ಲ. ಅವನಿಗೆ ನಿಜವಾಗಿಯೂ ಒಂದು ಕೆಲಸ ಬರುತ್ತಿತ್ತು.

ಕ್ಯಾಲ್ಗರಿಯ ಅಂಚಿನ ಕರ್ಲಿಂಗ್ ಕ್ಲಬ್ಬೊಂದರಲ್ಲಿ ಅವನು ಐಸ್ ಹಾಸುತ್ತಿದ್ದ. ಕರ್ಲಿಂಗ್ ಎಂದರೆ ಮಂಜುಗಡ್ಡೆಯ ಹಾಸಿನ ಮೇಲೆ ಒಬ್ಬ ದಪ್ಪ ಕಲ್ಲನ್ನು ಜಾರಿಸುವುದು, ಇಬ್ಬರು ಅದರ ಮುಂದೆ ಪೊರಕೆ ಹಿಡಿದು ಉಜ್ಜುತ್ತ ಓಡುವುದು. ನೋಡುವವರಿಗೆ ಮನೆಗೆ ನೆಂಟರು ಬಂದ ಗಡಿಬಿಡಿಯಂತೆ ಕಾಣುತ್ತದೆ; ನಮಗೆ ಅದೇ ಬದುಕು. ಹಾಸು ಕನ್ನಡಿಯಂತೆ ನುಣುಪಾಗಿದ್ದರೆ ಕಲ್ಲು ಮುಂದೆ ಹೋಗುವುದಿಲ್ಲ. ಬೆನ್ನಿಗೆ ಬಿಸಿನೀರಿನ ಡಬ್ಬ ಕಟ್ಟಿಕೊಂಡು, ಹಿಮ್ಮುಖವಾಗಿ ನಡೆಯುತ್ತ, ಹನಿ ಚಿಮುಕಿಸಬೇಕು. ಹನಿಗಳು ರವೆ ಚೆಲ್ಲಿದಂತೆ ಹೆಪ್ಪುಗಟ್ಟಿ ನಿಲ್ಲಬೇಕು. ಓರೆಸ್ಟ್ ಹಾಸಿದ ಐಸ್ ಮೇಲೆ ನನ್ನಂಥವನ ಕಲ್ಲೂ ಗುರಿ ಮುಟ್ಟುತ್ತಿತ್ತು ಎಂದರೆ ಉಳಿದದ್ದನ್ನು ನೀವೇ ಊಹಿಸಿ.

ಅವನ ಹೆಂಡತಿ ನೋರೀನ್ ಭೂವಿಜ್ಞಾನಿ. ಅವಳ ಕಂಪನಿ ಅವಳನ್ನು ಹ್ಯೂಸ್ಟನ್ನಿಗೆ ಕರೆದು ವಿಭಾಗದ ಮುಖ್ಯಸ್ಥೆಯ ಕುರ್ಚಿ ಕೊಟ್ಟಿತು. ಹೊರಡುವ ವಾರ ಅವಳು ಅಡುಗೆಮನೆಯಲ್ಲಿ ನಿಂತು ಅತ್ತಳಂತೆ. "ನಿನಗಲ್ಲಿ ಕೆಲಸ ಮಾಡೋಕೆ ಬಿಡಲ್ಲ ಕಣೋ. ಕಾನೂನೇ ಹಾಗಿದೆ. ಬೇರೆ ದಾರಿನೇ ಇಲ್ಲ." ಓರೆಸ್ಟ್ ಅವಳಿಗೆ ಚಹಾ ಮಾಡಿಕೊಟ್ಟು, ಕಾನೂನಿಗೆ ನೀನೇನು ಮಾಡ್ತೀಯ ಬಿಡು ಎಂದು ಸಮಾಧಾನ ಹೇಳಿ, ಮಾರನೆಯ ದಿನ ಕ್ಲಬ್ಬಿಗೆ ರಾಜೀನಾಮೆ ಕೊಟ್ಟ.

ಹ್ಯೂಸ್ಟನ್ನಿನಲ್ಲೂ ಒಂದು ಕರ್ಲಿಂಗ್ ಅಂಕಣ ಇದೆ. ಹೊರಗೆ ಡಾಂಬರು ಕರಗುವ ಬಿಸಿಲು, ಒಳಗೆ ನಮ್ಮೂರು. ಓರೆಸ್ಟ್ ಮೊದಲ ದಿನವೇ ಹಾಸಿನ ಮೇಲೆ ಮಂಡಿಯೂರಿ, ಕೆನ್ನೆ ತಾಗಿಸಿ ನೋಡಿ, ವ್ಯವಸ್ಥಾಪಕಿ ಡೆಬ್‌ಳ ಹತ್ತಿರ ಹೋದ.

"ಎಡಗಡೆ ಇಳಿಜಾರಾಗಿದೆ ಕಣಮ್ಮಾ. ನಾನು ಸರಿಮಾಡ್ತೀನಿ. ಕಾಸು ಬೇಡ."

"ನಿನ್ನನ್ನ ಇಟ್ಕೊಳ್ಳೋಕೆ ಆಸೆ ನಂಗೂ ಇದೆ," ಎಂದಳು ಡೆಬ್. "ವಕೀಲರು ಬೇಡ ಅಂತಾರೆ. ಸಂಬಳ ಕೊಟ್ಟು ಮಾಡಿಸೋ ಕೆಲಸಾನ ಪುಕ್ಕಟೆ ಮಾಡಿದ್ರೂ ಅದು ಕೆಲಸಾನೇ ಅಂತೆ. ನೀನು ಆಡು, ಕೂತ್ಕೋ, ಬೇಕಾದ್ರೆ ಬೈಯಿ. ಡಬ್ಬ ಮಾತ್ರ ಮುಟ್ಟಬೇಡ."

ಅಂದಿನಿಂದ ಅವನು ಗಾಜಿನ ಆಚೆ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಬೇರೆಯವರು ತಪ್ಪುತಪ್ಪಾಗಿ ಹನಿ ಚಿಮುಕಿಸುವುದನ್ನು ನೋಡುತ್ತ ನಿಲ್ಲುತ್ತಿದ್ದ. ಮಗಳನ್ನು ಕೊಟ್ಟ ಮನೆಯಲ್ಲಿ ಬಾಯಿ ಮುಚ್ಚಿಕೊಂಡು ಕೂತ ತಂದೆಯಂತೆ. ಸಂಜೆ ನಾವಿಬ್ಬರೂ ನನ್ನ ಮನೆಯ ಜಗಲಿಯಲ್ಲಿ ಕೂತು ಕಾನೂನನ್ನು ಬೈಯುತ್ತಿದ್ದೆವು. ಕಾನೂನನ್ನು ಬೈಯುವುದರಲ್ಲಿ ಒಂದು ಸುಖವಿದೆ, ಅದು ತಿರುಗಿ ಮಾತಾಡುವುದಿಲ್ಲ. ಎರಡು ವರ್ಷ ಹೀಗೆ ಕಳೆಯಿತು.

ಆಮೇಲೆ ಒಂದು ಭಾನುವಾರದ ಪಂದ್ಯದಲ್ಲಿ ಓರೆಸ್ಟ್, ನೋರೀನ್, ನನ್ನ ಹೆಂಡತಿ ಮತ್ತು ನಾನು ಒಂದು ತಂಡ. ಎದುರಿಗೆ ಗಾರ್ತ್, ಅವನ ಹೆಂಡತಿ ಮಿರೇ, ಇನ್ನಿಬ್ಬರು. ಗಾರ್ತ್ ನೋರೀನ್‌ಳ ಕಂಪನಿಯವನೇ, ಈಗ ಅವಳ ಕೈಕೆಳಗಿದ್ದಾನೆ. ಹ್ಯೂಸ್ಟನ್ನಿಗೆ ಬಂದು ವರ್ಷ ಕಳೆದಿದ್ದರೂ ಕ್ಲಬ್ಬಿಗೆ ಅವರು ಸೇರಿ ಎರಡು ವಾರವಾಗಿತ್ತಷ್ಟೆ.

ನಮ್ಮ ಆಟಕ್ಕೆ ಅಂಪೈರ್ ಇಲ್ಲ. ಪೊರಕೆ ಕಲ್ಲಿಗೆ ತಾಗಿದರೆ ತಪ್ಪು, ಅದನ್ನು ತಾಗಿಸಿದವರೇ ಹೇಳಬೇಕು. ಕೊನೆಯ ಸರದಿಯಲ್ಲಿ ನೋರೀನ್ ಉಜ್ಜುತ್ತ ಓಡಿದವಳು ಥಟ್ಟನೆ ನಿಂತು ಕೈ ಎತ್ತಿದಳು. "ನನ್ನ ಪೊರಕೆ ತಾಗಿತು." ಯಾರೂ ಕಂಡಿರಲಿಲ್ಲ. ಕಲ್ಲು ತೆಗೆದರು, ನಾವು ಸೋತೆವು. ಎದುರಾಳಿಗಳು ಅವಳ ಬೆನ್ನು ತಟ್ಟಿದರು. ಓರೆಸ್ಟ್ ಹೆಂಡತಿಯನ್ನು ಹೆಮ್ಮೆಯಿಂದ ನೋಡಿದ್ದನ್ನು ನಾನು ಕಂಡಿದ್ದೇನೆ.

ಆಟವಾದ ಮೇಲೆ ಎರಡೂ ತಂಡ ಒಂದೇ ಮೇಜಿಗೆ ಕೂರಬೇಕು, ಗೆದ್ದವರು ಸೋತವರಿಗೆ ಮೊದಲ ಸುತ್ತು ಕುಡಿಸಬೇಕು. ಲೋಟ ಖಾಲಿಯಾಗುವ ತನಕ ಯಾರೂ ಏಳುವಂತಿಲ್ಲ. ಅಮ್ಮ ಸತ್ತ ಸುದ್ದಿ ಬಂದರೂ ಲೋಟ ಮುಗಿಸಿ ಅಳುವ ಜನ ನಾವು.

ಮಿರೇ ಬಿಯರ್ ಹೀರಿ ಭುಜ ತಿಕ್ಕಿಕೊಂಡಳು. "ವಾರವೆಲ್ಲಾ ತಲೆಕೂದಲು ಕತ್ತರಿಸಿ ಕತ್ತರಿಸಿ ತೋಳು ಬಿದ್ದೋಗಿದೆ. ಅದಕ್ಕೇ ನನ್ನ ಕಲ್ಲು ಅಡ್ಡಾದಿಡ್ಡಿ."

"ಯಾರ ಕೂದಲು?" ಎಂದ ಓರೆಸ್ಟ್.

"ಯಾರದೋ. ಸಲೂನಿಗೆ ಬಂದೋರದು."

"ಸಂಬಳಕ್ಕಾ?"

"ಮತ್ತೇನು, ಪುಣ್ಯಕ್ಕಾ?"

"ಹುಷಾರು ಕಣಮ್ಮಾ. ನೀನೂ ನಮ್ಮ ಹಾಗೆ ಬಾಲಂಗೋಚಿ. ಸಿಕ್ಕಿಬಿದ್ರೆ ಗಂಡನ ಸಮೇತ ಗಡಿ ದಾಟಿಸ್ತಾರೆ."

ಮಿರೇ ನಕ್ಕಳು. "ನಮ್ಮದು ಬೇರೆ ವೀಸಾ ಕಣಯ್ಯಾ. ಕ್ಯಾಲ್ಗರಿ ಆಫೀಸಲ್ಲಿ ಒಂದು ವರ್ಷ ತುಂಬಿಸಿ ವರ್ಗ ಆಗಿ ಬಂದೋರಿಗೆ ಕೊಡೋದು. ಅದರಲ್ಲಿ ಗಂಡ ಹೆಂಡತಿ ಇಬ್ಬರೂ ದುಡೀಬಹುದು. ಗಾರ್ತ್‌ನೂ ನೋರೀನ್‌ನೂ ಒಂದೇ ರೂಮಲ್ಲಿ ಕೂರಿಸಿ ಕಂಪನಿಯೋರು ಹೇಳಿದ್ರಲ್ಲ, ಇನ್ನು ನಾಲ್ಕು ತಿಂಗಳು ಕಾದ್ರೆ ಈ ವೀಸಾ, ಈಗಲೇ ಹೊರಟ್ರೆ ನಿಮ್ಮ ಥರದ್ದು ಅಂತ. ನಾವು ಕಾದ್ವಿ, ಕುರ್ಚಿ ಹೋಯ್ತು. ನೀವು ಕಾಯಲಿಲ್ಲ, ಕುರ್ಚಿ ಸಿಕ್ತು. ನೀನು ಒಪ್ಪಿದ್ದು ದೊಡ್ಡದು ಬಿಡು. ನಾನಾಗಿದ್ರೆ ಒಪ್ತಿರಲಿಲ್ಲ."

ಗಾರ್ತ್ ಮೇಜಿನ ಕೆಳಗೆ ಹೆಂಡತಿಯ ಕಾಲನ್ನು ಒದ್ದ. ಬಿದ್ದದ್ದು ನನ್ನ ಮೊಣಕಾಲಿಗೆ.

ಓರೆಸ್ಟ್ ನೋರೀನ್‌ಳ ಕಡೆ ತಿರುಗಿದ. "ನಿಂಗೆ ಗೊತ್ತಿತ್ತಾ?"

"ಮನೇಲಿ ಮಾತಾಡೋಣ."

"ಇಲ್ಲೇ ಹೇಳು. ಗೊತ್ತಿತ್ತಾ?"

"ಗೊತ್ತಿತ್ತು," ಎಂದಳು ನೋರೀನ್. "ಹೇಳಿದ್ರೆ ನೀನು ಕಾಯೋಣ ಅಂತಿದ್ದೆ."

"ಅಂತಿದ್ದೆನೋ ಏನೋ. ಕೇಳಿದ್ದಿದ್ರೆ ಗೊತ್ತಾಗ್ತಿತ್ತು." ಲೋಟ ಎತ್ತಿಕೊಂಡು ಅವನೇ ಮುಂದುವರಿಸಿದ: "ಪೊರಕೆ ತಾಗಿದ್ದನ್ನ ಮಾತ್ರ ಎಷ್ಟು ಬೇಗ ಹೇಳ್ದೆ."

ಆಮೇಲೆ ಎಂಟೂ ಜನ ಲೋಟ ಮುಗಿಸಿದೆವು. ಮುಗಿಯುವ ತನಕ ಯಾರೂ ಏಳಲಿಲ್ಲ. ನಾನು ತಮಾಷೆಯೊಂದನ್ನು ಹೇಳಿದೆ. ಅದನ್ನು ಇಲ್ಲಿ ಬರೆಯದಿರುವಷ್ಟು ಬುದ್ಧಿ ಈಗ ಬಂದಿದೆ.

ಮಾರನೆಯ ದಿನ ಓರೆಸ್ಟ್ ನನ್ನ ಜಗಲಿಗೆ ಬಂದ. ರೂಢಿಯಂತೆ ನಾನು ಕಾನೂನನ್ನು ಬೈಯಲು ಶುರುಮಾಡಿದೆ.

"ಬೇಡ ಕಣಯ್ಯಾ," ಎಂದ. "ಅದರದ್ದೇನೂ ತಪ್ಪಿರಲಿಲ್ಲ, ಪಾಪ."

ನೋರೀನ್ ಕಂಪನಿಯವರನ್ನು ಹಿಡಿದು ಗ್ರೀನ್ ಕಾರ್ಡಿಗೆ ಅರ್ಜಿ ಹಾಕಿಸುತ್ತೇನೆ ಎಂದಿದ್ದಳಂತೆ. ಅದು ಬಂದರೆ ಓರೆಸ್ಟ್ ದುಡಿಯಬಹುದು. ನಾನು ಅದನ್ನೇ ಎತ್ತಿ ಆಡಿದೆ. "ಒಂದೆರಡು ವರ್ಷ ಅಷ್ಟೇ. ಆಮೇಲೆ ಡೆಬ್ ನಿನ್ನ ಕೈಗೆ ಡಬ್ಬ ಕೊಡ್ತಾಳೆ."

"ಕುರ್ಚಿ ಬೇಕು ಅಂದಿದ್ರೆ ನನ್ನ ಡಬ್ಬ ನಾನೇ ಇಳಿಸಿಟ್ಟು ಬರ್ತಿದ್ದೆ. ಅದು ನಾನು ಕೊಟ್ಟಿದ್ದಾಗ್ತಿತ್ತು. ಅವಳು ಕಸ್ಕೊಂಡು, ಕಾನೂನಿನ ಹೆಸರು ಹೇಳಿದ್ಲು. ಮೇಲೆ ಅತ್ಲು. ಆ ಅಳುವಿಗೆ ಚಹಾ ಮಾಡ್ಕೊಟ್ಟೋನು ನಾನು. ಅದೊಂದು ನುಂಗೋಕಾಗ್ತಿಲ್ಲ."

ನುಂಗಿಕೊಳ್ಳದೆ ಸಂಸಾರ ಮಾಡಿದವರು ಯಾರಿದ್ದಾರೆ ಎಂದು ನಾನು ಕೇಳಬಹುದಿತ್ತು. ಅದರ ಬದಲು ಒಳಗೆ ಹೋಗಿ ಎರಡು ಬಿಯರ್ ತಂದೆ.

ಅವನ ಹಳೆಯ ಕ್ಲಬ್ಬಿನಲ್ಲಿ ಆ ಕೆಲಸಕ್ಕೆ ಬೇರೆಯವರು ಬಂದಿದ್ದರು. ಆಲ್ಬರ್ಟಾ ಪ್ರಾಂತ್ಯದ ಉತ್ತರದಲ್ಲಿ, ರಸ್ತೆ ಮುಗಿಯುವ ಕಡೆ, ನಾಲ್ಕೇ ಹಾಸುಗಳಿರುವ ಒಂದು ಊರಿನ ಕ್ಲಬ್ಬಿಗೆ ಆಳು ಬೇಕಾಗಿತ್ತು. ಸೆಪ್ಟೆಂಬರಿನಲ್ಲಿ ಓರೆಸ್ಟ್ ಹೊರಟುಹೋದ. ಚಳಿಗಾಲ ಮುಗಿದ ಮೇಲೆ ಏನು ಎಂಬುದನ್ನು ಅವನು ಹೇಳಲಿಲ್ಲ.

ಡಿಸೆಂಬರಿನ ಒಂದು ಮಧ್ಯಾಹ್ನ ನೋರೀನ್ ನಮ್ಮ ಮನೆಗೆ ಬಂದಳು. ತಾನೇ ಮಾಡಿದ ಆಲೂಗಡ್ಡೆ ತುಂಬಿದ ಪೆರೋಗಿ ಕಡುಬುಗಳನ್ನು ಡಬ್ಬಿಯಲ್ಲಿ ತಂದಿದ್ದಳು. ಕ್ರಿಸ್ಮಸ್ಸಿಗೆ ತಾನು ಅಲ್ಲಿಗೆ ಹೋಗಲೇ ಎಂದು ಓರೆಸ್ಟ್‌ಗೆ ಬರೆದು ಕೇಳಿದ್ದಳಂತೆ. ಉತ್ತರ ಬಂದಿರಲಿಲ್ಲ.

"ನಿಂಗೆ ಫೋನ್ ಮಾಡ್ತಾನಲ್ಲ, ಏನಂತಾನೆ?"

"ಐಸ್ ಚೆನ್ನಾಗಿ ಕೂತಿದೆ ಅಂತಾನೆ. ಪಕ್ಕದೂರಿಂದೆಲ್ಲ ಆಡೋಕೆ ಬರ್ತಿದಾರಂತೆ. ಸ್ವಲ್ಪ ದಪ್ಪ ಆಗಿದಾನಂತೆ."

"ನನ್ನ ಬಗ್ಗೆ?"

ಜೀವನವಿಡೀ ಇಲ್ಲದ್ದನ್ನು ಕಟ್ಟಿ ಬರೆದವನು ನಾನು. ಒಂದು ವಾಕ್ಯ ಹೊಸೆಯುವುದು ಕಷ್ಟವಿರಲಿಲ್ಲ. ಆದರೆ ಅವರಿಬ್ಬರ ಮನೆಯಲ್ಲಿ ಅಷ್ಟು ಹೊತ್ತಿಗೆ ಹೊಸೆದ ವಾಕ್ಯಗಳು ಸಾಕಷ್ಟಾಗಿದ್ದವು.

"ಏನೂ ಹೇಳಲ್ಲ ಕಣಮ್ಮಾ," ಎಂದೆ. "ನಾನು ನಿನ್ನ ಹೆಸರು ಎತ್ತಿದ್ರೆ, ನೀರು ಕಾಯ್ತಿದೆ ಅಂತ ಫೋನ್ ಇಡ್ತಾನೆ."

ನೋರೀನ್ ತಲೆಯಾಡಿಸಿದಳು. ಪೆರೋಗಿಯ ಡಬ್ಬಿಯನ್ನು ನನ್ನ ಕಡೆ ಸರಿಸಿ, ಬಿಸಿ ಇರುವಾಗಲೇ ತಿನ್ನು ಎಂದಳು. ಅದು ಆಗಲೇ ಆರಿತ್ತು. ನಾನು ತಿಂದೆ.