ಗುರುನಾಥ ಕಾಕಾರ ಹಸಿರು ಟೈಲ್ಸ್

ಬಚ್ಚಲಿನ ಗೋಡೆಗೆ ನಾಲ್ಕು ತೂತು ಕೊರೆಸಲು ನಾನು ತೆತ್ತದ್ದು ಎರಡು ತಿಂಗಳ ಬಾಡಿಗೆಯಷ್ಟು ಹೆಚ್ಚುವರಿ ಅಡ್ವಾನ್ಸ್. ಡ್ರಿಲ್ಲಿನವನ ಕೂಲಿ ಬೇರೆ. ಯಾಕೆಂದರೆ ಮನೆಯ ಮಾಲೀಕರು ಗುರುನಾಥ ಕಾಕಾ, ಅವರಿಗೆ ಟೈಲ್ಸ್ ಎಂದರೆ ಜೀವ.

ಸರ್ಕಾರಿ ನೌಕರಿಯಿಂದ ನಿವೃತ್ತರಾದಾಗ ಬಂದ ಹಣದಲ್ಲಿ ಕಾಚಿಗೂಡದ ಆ ಮನೆ ಕಟ್ಟಿಸಿದ್ದರು. ಬಾಡಿಗೆದಾರರ ಬಚ್ಚಲಿಗೂ ತಾವೇ ನಿಂತು ತಿಳಿಹಸಿರು ಟೈಲ್ಸ್ ಹಾಕಿಸಿದ್ದರು. ಬಾಡಿಗೆ ವಸೂಲಿಗೆ ಬಂದಾಗ ಚಹಾಕ್ಕೂ ಮೊದಲು ಬಚ್ಚಲಿಗೆ ಹೋಗಿ ಗೋಡೆಯ ಮೇಲೆ ಅಂಗೈ ಆಡಿಸುವರು. ಸಾಬೂನಿನ ಕಲೆಯಿದ್ದರೆ ಧೋತರದ ಅಂಚಿನಿಂದ ಒರೆಸುವರು. ಟವೆಲ್ಲಿಗೊಂದು ಮೊಳೆ ಕೇಳಿದ್ದಕ್ಕೆ, “ಹೆಗಲ ಮ್ಯಾಲ ಹಾಕ್ಕೋ ತಮ್ಮಾ, ದೇವರು ಹೆಗಲು ಯಾಕ ಕೊಟ್ಟಾನ?” ಎಂದಿದ್ದರು.

ಒಮ್ಮೆ ನನ್ನ ಅವ್ವ ಆ ಬಚ್ಚಲಿನಲ್ಲಿ ಜಾರಿಬಿದ್ದು ಸೊಂಟ ಮುರಿದುಕೊಂಡಳು. ಇನ್ನೊಮ್ಮೆ ಬಿದ್ದರೆ ಏಳುವುದು ಕಷ್ಟ ಎಂದರು ಡಾಕ್ಟರು. ಹಿಡಿದುಕೊಳ್ಳಲು ಗೋಡೆಗೊಂದು ಸ್ಟೀಲ್ ಹಿಡಿಕೆ ಬೇಕೇ ಬೇಕಾಯಿತು. ನಾನು ಬಟ್ಟೆ ವ್ಯಾಪಾರದವನು, ಚೌಕಾಸಿ ಮಾಡಿಯೇ ಮೇಲೆ ಬಂದವನು. ಹೇಗೋ ಕಾಕಾರನ್ನು ಒಪ್ಪಿಸಿದೆ.

ಕೊರೆಯುವ ದಿನ ಅವರೇ ಬಂದು ನಿಂತರು. ಗುರುತಿನ ಮೇಲೆ ಟೇಪು ಅಂಟಿಸಿ, “ಹ್ಯಾಮರ್ ಬಂದ್ ಕರೋ ಮಿಯಾ, ಟೈಲ್ ಫೂಟ್ ಜಾತಾ” ಎಂದು ಡ್ರಿಲ್ಲಿನವನನ್ನು ಗದರಿದರು; ಡ್ರಿಲ್ಲು ಕುಟ್ಟುತ್ತ ಕೊರೆದರೆ ಟೈಲ್ಸ್ ಒಡೆದೀತೆಂಬ ಭಯ. ಒಂದು ಗೆರೆಯೂ ಬೀಳದೆ ಹಿಡಿಕೆ ಕೂತಿತು. ಅವ್ವ ಕೈ ಚಾಚಿದಳು.

“ತಡೀರಿ ವೈನಿ,” ಎಂದು ಕಾಕಾ ತಾವೇ ಅದಕ್ಕೆ ಜೋತುಬಿದ್ದರು. ಹಿಡಿಕೆ ಸ್ಕ್ರೂ ಸಮೇತ ಕಿತ್ತು ಬಂತು, ಜೊತೆಗೆ ಟೈಲ್ಸಿನ ಒಂದು ಚೂರು. ತೂತು ಗಾರೆಯಲ್ಲೇ ನಿಂತಿತ್ತು, ಇಟ್ಟಿಗೆ ಮುಟ್ಟಿರಲಿಲ್ಲ.

ಇನ್ನು ಕೆಲಸ ನಿಂತಂತೆಯೇ ಎಂದುಕೊಂಡೆ. ಕಾಕಾ ಆ ಚೂರನ್ನೂ ಅವ್ವನನ್ನೂ ನೋಡಿದರು.

“ಏನ್ ನೋಡಾಕತ್ತೀಯೋ? ಬಾಜೂಕ ಹೊಸಾ ತೂತು ಹೊಡಿಸು, ಇಟ್ಟಂಗಿತನಕ. ಟೈಲ್ಸ್ ಹ್ವಾದ್ರ ಹೋಗ್ಲಿ.”

ಅವ್ವ ಇರುವತನಕ ಆ ಹಿಡಿಕೆ ಹಿಡಿದು, ಯಾರ ನೆರವೂ ಇಲ್ಲದೆ ಸ್ನಾನ ಮಾಡಿದಳು.

ಮುಂದೆ ಕಾಕಾರಿಗೂ ವಯಸ್ಸಾಯಿತು. “ನಿಮ್ಮ ಬಚ್ಚಲಕ್ಕೂ ಒಂದು ಹಾಕಸ್ತೀನ್ರಿ, ರೊಕ್ಕ ನಂದು,” ಎಂದೆ.

“ನಾ ಏನ್ ಮುದುಕ ಆಗೇನೇನು?” ಎಂದರು, ಕೋಲೂರಿಕೊಂಡೇ. ಎಷ್ಟು ಚೌಕಾಸಿ ಮಾಡಿದರೂ ಬಗ್ಗಲಿಲ್ಲ.

ಕೊನೆಗೆ ಅವರನ್ನು ಕಂಡದ್ದು ಸಿಕಂದರಾಬಾದಿನ ಆಸ್ಪತ್ರೆಯಲ್ಲಿ, ತಲೆಗೆ ಪಟ್ಟಿ ಕಟ್ಟಿತ್ತು. “ತಲಿ ಇಷ್ಟು ಜೋರ್ ಬಡದೈತಿ, ಒಂದ್ ಟೈಲ್ಸೂ ಒಡದಿಲ್ಲ ನೋಡು. ಅಸಲಿ ಮಾಲು,” ಎಂದರು. ಮನೆಗೆ ತಿರುಗಿ ಬರಲಿಲ್ಲ.

ನೀವೂ ಹಿಡಿಕೆ ಹಾಕಿಸಿ. ಟೈಲ್ಸ್ ದಾಟುವತನಕ ಹ್ಯಾಮರ್ ಬೇಡ, ಆಮೇಲೆ ತೂತು ಇಟ್ಟಿಗೆಯೊಳಗೆ ಇಳಿಯಲಿ. ನಿಮ್ಮ ಪೂರ್ತಿ ಭಾರ ಹಾಕಿ ಎಳೆದು ನೋಡದೆ ಕೂಲಿ ಕೊಡಬೇಡಿ. ಮನೆಯ ಹಿರಿಯರನ್ನು ಮಾತ್ರ ಕೇಳಲು ಹೋಗಬೇಡಿ; ಅವರು ಯಾರದೋ ಮದುವೆಗೆ ಹೋದ ದಿನ ಕೆಲಸ ಮುಗಿಸಿಬಿಡಿ.