ಹುಲ್ಲೆಮರಿಯ ಮೇವು

ಇವತ್ತು ಬೆಳಗ್ಗೆ ಗೇಟಿನ ಮುಂದೆ ಹಾದುಹೋದ ಮೇಕೆಮಂದೆ ಒಣ ಜಾಲಿಕಾಯಿಗಳನ್ನು ತುಳಿದುಕೊಂಡು ಹೋಯಿತು. ಆ ಒಗರು ಒಗರಾದ ವಾಸನೆ ನಿಮಗೂ ಗೊತ್ತಿರಬಹುದು. ನನಗೆ ಮಾತ್ರ ಅದು ಮೂಗಿಗೆ ಬಡಿದ ಕೂಡಲೇ ಹಳೆಯ ಕಳವಳವೊಂದು ಎದ್ದು ಕೂರುತ್ತದೆ.

ಎರಡನೇ ಮಹಾಯುದ್ಧದ ಕಾಲ. ಪೆಟ್ರೋಲಿಲ್ಲದೆ ಬಸ್ಸುಗಳು ಬೆನ್ನಿಗೆ ಇದ್ದಿಲಿನ ಒಲೆ ಕಟ್ಟಿಕೊಂಡು, ಅದರ ಅನಿಲದಿಂದ ಓಡುತ್ತಿದ್ದವು. ನಾನು ಮಳವಳ್ಳಿಯ ಹೆಣ್ಣುಮಕ್ಕಳ ಶಾಲೆಗೆ ಉಪಾಧ್ಯಾಯಿನಿಯಾಗಿ ಹೊಸದಾಗಿ ಸೇರಿದ್ದೆ. ಎಲ್ಲವೂ ಗೊತ್ತು ಅನ್ನುವ ವಯಸ್ಸು. ಶಿವನಸಮುದ್ರದ ದಾರಿಯ ಕುರುಚಲು ಬಯಲಲ್ಲಿ ನಾಯಿಗಳು ಒಂದು ಕೃಷ್ಣಮೃಗವನ್ನು ಕೊಂದವು. ಹುಲ್ಲಲ್ಲಿ ಅಡಗಿದ್ದ ಅದರ ಮರಿಯನ್ನು ಬಸ್ಸಿನ ಡ್ರೈವರು ಟವೆಲಿನಲ್ಲಿ ಸುತ್ತಿ ತಂದು, "ನೀವು ಓದ್ದೋರು, ನೋಡ್ಕಳಿ" ಎಂದು ನನ್ನ ಕೈಗಿಟ್ಟು ಹೋದ.

ನಾನು ನೋಡಿಕೊಂಡ ಚಂದವೋ! ಎಮ್ಮೆಯ ಗಟ್ಟಿಹಾಲು, ಅನ್ನ, ಬೆಲ್ಲ, ಬಾಳೆಹಣ್ಣು. ಮೂರನೆಯ ದಿನಕ್ಕೆ ಹೊಟ್ಟೆ ಉಬ್ಬಿ, ಭೇದಿ ಹತ್ತಿ, ಮರಿ ಕತ್ತೆತ್ತದಾಯಿತು. ಪಾಠ ಹೇಳುವಾಗಲೂ ಜೀವ ಮನೆಯಲ್ಲೇ. ಬಿಡುವು ಸಿಕ್ಕರೆ ಓಡಿಬಂದು, ಉಸಿರಿದೆಯೇ ಎಂದು ಪಕ್ಕೆ ಮುಟ್ಟಿ ನೋಡುತ್ತಿದ್ದೆ.

ಪಕ್ಕದ ಮನೆಯ ಅಮೀನಾಬಿ ಮೇಕೆ ಸಾಕಿದವರು. ಅವರ ಮಗ ಬಾಷಾ ಬಸ್ಸುಗಳಿಗೆ ಆ ಇದ್ದಿಲ ಒಲೆ ಕೂರಿಸಿ, ಇದ್ದಿಲನ್ನೂ ಒದಗಿಸುವ ಮೆಕ್ಯಾನಿಕ್. ಆಕೆ ಮರಿಯ ಹೊಟ್ಟೆ ಒತ್ತಿ ನೋಡಿ ನನ್ನನ್ನೇ ಗದರಿದರು: "ಇದೇನಮ್ಮ, ಮದ್ವೆ ಊಟ ಆಕ್ಬುಟ್ಟಿದ್ದೀಯ! ಮುಳ್ಳುಗಿಡದ ಸೊಪ್ಪು ತಿಂದು ಬೆಳಿಯೋ ಜೀವ ಕಣಮ್ಮ ಇದು."

ಅಂದಿನಿಂದ ಅವರ ಮೇಕೆಯ ಹಾಲು ಮಾತ್ರ. ಮರಿ ಕಾಲೂರಿ ನಿಂತ ಮೇಲೆ ಎಲಚಿಯ ಚಿಗುರು, ಗರಿಕೆ. ಆಮೇಲೆ ಜಜ್ಜಿದ ಜಾಲಿಕಾಯಿ. "ಬ್ಯಾಸ್ಗೇಲಿ ಉಲ್ಲು ಒಣಗೋದ್ರೆ ಇದೇ ಅವುಕ್ಕೆ ಕಾಳು, ಬ್ಯಾಳೆ. ನನ್ನ ಮೇಕೆ ಆಲು ಬತ್ತದೆ ಇರೋದೂ ಇದ್ರಿಂದ್ಲೇ" ಅನ್ನುತ್ತಿದ್ದರು. ಎದ್ದು ಕಾಣುತ್ತಿದ್ದ ಪಕ್ಕೆಲುಬುಗಳು ನಿಧಾನವಾಗಿ ಮುಚ್ಚಿಕೊಂಡವು.

ಮರಿ ಬಲಿತ ಮೇಲೆ ಬಿಟ್ಟುಬರಲು ಇಬ್ಬರೂ ಬಯಲಿಗೆ ಹೋದೆವು. ಅಲ್ಲಿ ಜಾಲಿಮರಗಳನ್ನು ಕಡಿದು ಇದ್ದಿಲು ಸುಡುತ್ತಿದ್ದರು. ಬೇಟೆಯವರಿಂದಾಗಿ ಮೊದಲೇ ಬೆರಳೆಣಿಕೆಗೆ ಇಳಿದಿದ್ದ ಹುಲ್ಲೆಗಳು, ಹೊಗೆಯಾಚೆ, ಬಡಕಲಾಗಿ, ಮರದ ಮೋಟುಗಳನ್ನು ಮೂಸುತ್ತಿದ್ದವು. ಆ ಇದ್ದಿಲು ಹೋಗುತ್ತಿದ್ದುದು ಬಾಷಾನ ಒಲೆಗಳಿಗೇ. ಮರಿಯನ್ನು ಬಿಡದೆ ವಾಪಸು ಕರೆತಂದೆವು.

ಮಾರನೆಯ ದಿನ ಅಮೀನಾಬಿ ಮಗನನ್ನು ಅಲ್ಲಿಗೇ ಎಳೆದುಕೊಂಡು ಹೋದರು. ನಾನೂ ಹಿಂದೆ ಹೋದೆ.

"ಬಸ್ಸು ಓಡ್ಬೇಕಲ್ಲ ಅಮ್ಮೀ?" ಎಂದ ಬಾಷಾ.

"ಓಡ್ಲಿ ಕಣ್ಲಾ. ನಿನ್ನ ಬಸ್ಸಿಗೆ ಯಾವ ಮರದ ಇದ್ಲಾದ್ರೂ ಆಯ್ತದೆ. ಇವು ಇನ್ನೇನು ತಿಂತವ್ಲಾ?"

ಬಾಷಾ ಇದ್ದಿಲಿನವರ ಬಳಿ ಹೋಗಿ, ಬಯಲಂಚಿನ ಹಳ್ಳದ ದಂಡೆಯಲ್ಲಿ ಉಳಿದಿರುವ ಜಾಲಿಮರ ಮುಟ್ಟಿದರೆ ನಿಮ್ಮ ಇದ್ದಿಲು ನನಗೆ ಬೇಡವೆಂದ. ದಂಡೆ ಉಳಿಯಿತು. ಮೊದಲ ಮಳೆ ಬಿದ್ದ ಮೇಲೆ ಮರಿಯನ್ನು ಬಿಟ್ಟೆವು. ಅದು ತಿರುಗಿಯೂ ನೋಡದೆ ಹೋಯಿತು. ನನಗೆ ಸ್ವಲ್ಪ ಅವಮಾನವೇ ಆಯಿತೆನ್ನಿ. ಮರುಬೇಸಿಗೆಯಲ್ಲಿ ಆ ಮರಗಳ ಕೆಳಗೆ ಹುಲ್ಲೆಗಳ ಹಿಂಡು ಕಾಯಿ ಮೆಲ್ಲುತ್ತಿತ್ತು. ನಮ್ಮದು ಯಾವುದೋ ಗುರುತು ಸಿಗಲಿಲ್ಲ.

ಇವತ್ತು ಮಧ್ಯಾಹ್ನ ಸುದ್ದಿ ಬಂತು: ಆ ಬಯಲನ್ನು ಸಮ ಮಾಡಿ ನೀಲಗಿರಿ ನೆಡುತ್ತಾರಂತೆ, ನಾಳೆ ಪಂಚಾಯಿತಿಯಲ್ಲಿ ಸಭೆಯಂತೆ. ಅಂದು ಬಯಲಲ್ಲಿ ನಿಂತಾಗ ನಾನು ಒಂದು ಮಾತೂ ಆಡಿರಲಿಲ್ಲ. ಹಿರಿಯರಿದ್ದಾರಲ್ಲ ಎಂದು ಸುಮ್ಮನಿದ್ದೆ. ಈಗ ಹಿರಿಯಳೆಂದರೆ ನಾನೇ. ಸಭೆಗೆ ಬಂದು ಮಾತಾಡುತ್ತೇನೆಂದು ಹೇಳಿಕಳಿಸಿದ್ದೇನೆ.